ಹದಿನಾಲ್ಕನೇ ಡಬ್ಬಿಯ ಕಾಗದ

ರೈನ್‌ಹೋಲ್ಡ್ ಓಪ್ ಸತ್ತ ದಿನ ನಾನೊಂದು ತಪ್ಪು ಮಾಡಿದೆ. ನಮ್ಮ ಅಂಚೆ ಕಚೇರಿಯ ತಾರೀಖು ಮುದ್ರೆಯಲ್ಲಿ ಎಎಂ, ಪಿಎಂ ಎಂದು ಎರಡು ಪುಟ್ಟ ಅಚ್ಚುಗಳಿವೆ. ಬೆಳಿಗ್ಗೆ ಎಎಂ ಇರಬೇಕು. ಹನ್ನೆರಡು ಹೊಡೆದ ಕೂಡಲೇ ಅದನ್ನು ಚಿಮಟದಲ್ಲಿ ಕಿತ್ತು ಪಿಎಂ ಕೂರಿಸಬೇಕು. ಇಪ್ಪತ್ತೆರಡು ವರ್ಷ ದಿನವೂ ಮಾಡಿದ ಕೆಲಸ. ಆ ದಿನ ಮರೆತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಪ್ಪನ್ನು ಮುಚ್ಚಿಟ್ಟುಕೊಂಡು ಕತೆ ಹೇಳಿದೆ ಅಂತ ನಾಳೆ ಯಾರೂ ಅನ್ನುವುದು ಬೇಡ.

ಉತ್ತರ ಡಕೋಟಾದ ನಮ್ಮ ನ್ಯೂಡಾಲ್‌ನಲ್ಲಿ ಅಂಚೆ ಕಚೇರಿ ಎಂದರೆ ಒಂದು ಕೋಣೆ, ಒಂದು ಕೌಂಟರು, ಪೋಸ್ಟ್‌ಮಾಸ್ಟರ್ ಆದ ನಾನು ಮತ್ತು ಹಳ್ಳಿದಾರಿಯಲ್ಲಿ ಟಪಾಲು ಹಂಚುವ ರೈನ್‌ಹೋಲ್ಡ್. ಎಪ್ಪತ್ತನಾಲ್ಕು ಮೈಲಿ ದಾರಿ, ರಸ್ತೆಬದಿಯಲ್ಲಿ ಮನೆಗೊಂದರಂತೆ ಐವತ್ತೆಂಟು ಟಪಾಲು ಡಬ್ಬಿ. ಕಾರು ಅವನದೇ. ಸ್ಟಿಯರಿಂಗ್ ಎಡಕ್ಕೆ, ಡಬ್ಬಿಗಳು ಬಲಕ್ಕೆ. ಅದಕ್ಕೇ ಅವನು ಬಲಗಡೆಯ ಸೀಟಿನಲ್ಲಿ ಕೂತು, ಎಡಗಾಲನ್ನು ಆಚೆ ಚಾಚಿ ಪೆಡಲು ತುಳಿಯುತ್ತ, ಎಡಗೈಯಲ್ಲಿ ಓಡಿಸುತ್ತ, ಬಲಗೈಯಲ್ಲಿ ಕಾಗದ ಹಾಕುತ್ತಿದ್ದ. ಮೂವತ್ತೊಂದು ವರ್ಷ ಹೀಗೆ ಕೂತು ಸೊಂಟ ಒಂದು ಕಡೆಗೆ ವಾಲಿತ್ತು. ಮದುವೆಯಾಗಿರಲಿಲ್ಲ. ಮಾತು ಕಡಿಮೆ. ನಿಯಮ ಜಾಸ್ತಿ.

ಎಷ್ಟು ಜಾಸ್ತಿ ಎಂದರೆ, ಅವನ ಮನೆ ಅವನದೇ ದಾರಿಯಲ್ಲಿತ್ತು, ಹದಿನಾಲ್ಕನೇ ಡಬ್ಬಿ. ಎಲ್ಲಿಗಾದರೂ ಕಾಗದ ಕಳಿಸಬೇಕಾದರೆ ಬೆಳಿಗ್ಗೆ ಆರೂವರೆಗೆ ತನ್ನ ಡಬ್ಬಿಯಲ್ಲಿ ಹಾಕಿ, ಕಾಗದ ಇದೆ ಎಂದು ತಿಳಿಸುವ ಕೆಂಪು ಬಾವುಟ ಎತ್ತಿ ಕೆಲಸಕ್ಕೆ ಬರುತ್ತಿದ್ದ. ಇಲ್ಲಿ ಟಪಾಲು ವಿಂಗಡಿಸಿಕೊಂಡು ಹೊರಟು, ಒಂಬತ್ತೂಕಾಲಕ್ಕೆ ತನ್ನ ಮನೆ ಮುಂದೆಯೇ ಕಾರು ನಿಲ್ಲಿಸಿ, ಬಾವುಟ ಇಳಿಸಿ, ತನ್ನ ಕಾಗದವನ್ನು ತಾನೇ ತೆಗೆದುಕೊಳ್ಳುತ್ತಿದ್ದ. ಒಂದು ಕ್ರಿಸ್‌ಮಸ್‌ಗೆ ನನಗೆ ಕಾರ್ಡು ಬಂದದ್ದೂ ಹಾಗೆಯೇ.

"ಬೆಳಿಗ್ಗೆ ಏಳಕ್ಕೆ ನನ್ನೆದುರೇ ನಿಂತಿರ್ತೀಯಲ್ಲೋ, ಕೈಗೆ ಕೊಟ್ರೆ ಏನಾಗುತ್ತೆ?" ಎಂದು ಕೇಳಿದ್ದೆ.

"ಆವಾಗ ಡ್ಯೂಟಿಲಿರ್ತೀನಿ ಆಲ್ವಿನಾ. ಮನೇಲಿದ್ದಾಗ ನಾನೂ ಗಿರಾಕಿನೇ. ಗಿರಾಕಿ ಕಾಗದ ಡಬ್ಬಿಯಿಂದ್ಲೇ ಬರ್ಬೇಕು."

ನಾನು ನಕ್ಕಿದ್ದೆ. ಅವನು ನಕ್ಕಿರಲಿಲ್ಲ.

ಸರ್ಕಾರಿ ನೌಕರರಿಗೆಲ್ಲ ಸರ್ಕಾರದ ಜೀವವಿಮೆ ಇದೆ. ನೌಕರ ಸತ್ತರೆ ದುಡ್ಡು ಯಾರಿಗೆ ಹೋಗಬೇಕೆಂದು ನಾಮಿನಿ ಫಾರಂನಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ತನ್ನ ಕಚೇರಿಗೆ ತಲುಪಿಸಬೇಕು. ಬದುಕಿರುವಾಗಲೇ ತಲುಪಬೇಕು. ಸತ್ತ ಐದು ನಿಮಿಷಕ್ಕೆ ತಲುಪಿದರೂ ಅದು ಬರೀ ಕಾಗದ. ಆಗ ದುಡ್ಡು ರಕ್ತಸಂಬಂಧದವರಿಗೆ ಹೋಗುತ್ತದೆ. ರೈನ್‌ಹೋಲ್ಡ್‌ಗೆ ರಕ್ತಸಂಬಂಧ ಅಂತ ಉಳಿದಿದ್ದವನು ಬಿಸ್ಮಾರ್ಕ್‌ನಲ್ಲಿ ಟ್ರ್ಯಾಕ್ಟರ್ ಮಾರುವ ತಮ್ಮ ಎಡ್ವಿನ್ ಒಬ್ಬನೇ. ಅಮ್ಮ ಹಾಸಿಗೆ ಹಿಡಿದ ಆರು ವರ್ಷದಲ್ಲಿ ಎಡ್ವಿನ್ ಬಂದದ್ದು ಎರಡು ಸಲ, ಅದರಲ್ಲೊಂದು ಸಲ ಬೇಟೆಗೆ. ಆ ಆರು ವರ್ಷ ಮುದುಕಿಯ ಬಟ್ಟೆ ಒಗೆದು, ಸೂಪು ಕುಡಿಸಿ, ಮಗ್ಗುಲು ಬದಲಿಸಿದವಳು ಪಕ್ಕದ ಹೊಲದ ಒಟಿಲಿಯಾ ಕೆಸೆಲ್. ಗಂಡ ಸತ್ತವಳು, ನನಗಿಂತ ಎರಡು ವರ್ಷ ದೊಡ್ಡವಳು. ರೈನ್‌ಹೋಲ್ಡ್ ಕೊಡಲು ಹೋದರೆ ದುಡ್ಡು ಮುಟ್ಟಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಅಕ್ಟೋಬರ್, ಒಂದು ಮಂಗಳವಾರ. ನಲವತ್ತೊಂದನೇ ಡಬ್ಬಿಯ ಹತ್ತಿರ ರೈನ್‌ಹೋಲ್ಡ್‌ನ ಕಾರು ಸೂರ್ಯಕಾಂತಿ ಹೊಲಕ್ಕೆ ಇಳಿದು ನಿಂತಿತ್ತು. ಎಂಜಿನ್ ಓಡುತ್ತಲೇ ಇತ್ತು, ಅವನ ಹೃದಯ ನಿಂತಿತ್ತು. ಹನ್ನೊಂದು ಇಪ್ಪತ್ತು ಎಂದು ಡಾಕ್ಟರು ಬರೆದರು. ಸುದ್ದಿ ನನಗೆ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷ ಬಾಕಿ. ಹನ್ನೆರಡು ಹೊಡೆದದ್ದು ನನಗೆ ಗೊತ್ತಾಗಲೇ ಇಲ್ಲ.

ಎರಡು ಗಂಟೆಗೆ ಷೆರೀಫನ ಸಹಾಯಕ ಅವನ ಟಪಾಲು ತಟ್ಟೆ ತಂದುಕೊಟ್ಟ. ದಾರಿಯಲ್ಲಿ ತೆಗೆದುಕೊಂಡ ಕಾಗದಗಳನ್ನು ರೈನ್‌ಹೋಲ್ಡ್ ಡಬ್ಬಿಯ ಕ್ರಮದಲ್ಲೇ ಜೋಡಿಸಿ ರಬ್ಬರ್ ಹಾಕಿಡುತ್ತಿದ್ದ. ಹನ್ನೆರಡನೇ ಡಬ್ಬಿಯವರ ಬಿಲ್ಲು, ಹದಿಮೂರರವರ ಎರಡು ಕಾಗದ, ಆಮೇಲೆ ಅವನ ಕೈಬರಹದ ಲಕೋಟೆ, 'ಪೋಸ್ಟ್‌ಮಾಸ್ಟರ್, ನ್ಯೂಡಾಲ್' ಎಂದು. ಆಮೇಲೆ ಹದಿನೇಳರವರದು. ಒಳಗೆ ನಾಮಿನಿ ಫಾರಂ. ಒಟಿಲಿಯಾ ಕೆಸೆಲ್ ಎಂದು ಬರೆದಿತ್ತು. ಹಿಂದಿನ ಭಾನುವಾರ ಚರ್ಚ್ ಮುಗಿದ ಮೇಲೆ ಪಾದ್ರಿಗಳೂ, ಗೋಧಿ ಗೋದಾಮಿನ ಗಾಟ್‌ಲೀಬ್ ಶಾಕ್‌ನೂ ಸಾಕ್ಷಿ ಹಾಕಿದ್ದರು. ನಾನು ಕಣ್ಣೊರೆಸಿಕೊಂಡು, ಬಂದ ಕಾಗದಕ್ಕೆ ಹೊಡೆಯುವಂತೆ ಅದಕ್ಕೂ ಮುದ್ರೆ ಹೊಡೆದೆ. ಆ ಮಧ್ಯಾಹ್ನದ ಅಷ್ಟೂ ಟಪಾಲಿಗೆ ಹೊಡೆದೆ. ಎಲ್ಲದರ ಮೇಲೂ ಎಎಂ.

ತಪ್ಪು ಗೊತ್ತಾದದ್ದು ಮರುದಿನ ಬೆಳಿಗ್ಗೆ, ಅಚ್ಚು ಬದಲಿಸಲು ಹೋದರೆ ಎಎಂ ಆಗಲೇ ಅಲ್ಲಿ ಕೂತಿತ್ತು. ಅಷ್ಟು ಹೊತ್ತಿಗೆ ಚೀಲ ರೈಲಿನಲ್ಲಿತ್ತು, ಫಾರಂ ಮೇಲಿನ ಕಚೇರಿಗೆ ಹೊರಟಿತ್ತು. ಒಂದು ಸಾಲು ಬರೆದು ತಿಳಿಸಬೇಕಿತ್ತು. ಹೆಣದ ಪೆಟ್ಟಿಗೆಗೆ ಹೇಳಬೇಕು, ಬದಲಿ ಡ್ರೈವರ್ ಹುಡುಕಬೇಕು ಎಂಬ ಗಡಿಬಿಡಿಯಲ್ಲಿ ಬರೆಯಲಿಲ್ಲ. ಇದು ಎರಡನೇ ತಪ್ಪು. ಮೂರನೆಯದು ನಾನು ಮಾಡಲಿಲ್ಲ.

ಒಟಿಲಿಯಾ ಅರ್ಜಿ ತುಂಬಲು ನನ್ನ ಹತ್ತಿರ ಬಂದಳು. 'ನಾಮಿನಿ ಫಾರಂ ಕಚೇರಿಗೆ ಸಲ್ಲಿಸಿದ್ದು ಯಾವಾಗ' ಎಂಬ ಪ್ರಶ್ನೆ ಬಂತು.

"ಯಾವಾಗ ಹಾಕಿದ್ನೇ?" ಎಂದಳು.

"ಅವತ್ತು ಬೆಳಿಗ್ಗೆ, ಅವನ ಡಬ್ಬಿಯಿಂದ."

ಅವಳು 'ಬೆಳಿಗ್ಗೆ' ಎಂದು ಬರೆದಳು. ಕೆಳಗೆ ದಪ್ಪಕ್ಷರದ ಸಾಲು ಇತ್ತು: ತಿಳಿದೂ ಸುಳ್ಳು ಹೇಳಿಕೆ ಕೊಟ್ಟವರಿಗೆ ಹತ್ತು ಸಾವಿರ ಡಾಲರ್‌ವರೆಗೆ ದಂಡ, ಇಲ್ಲವೇ ಐದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಕೌಂಟರಿಗೆ ಬಂದವರಿಗೆಲ್ಲ ಆ ಸಾಲನ್ನು ಓದಿಹೇಳುವುದು ನನ್ನ ಅಭ್ಯಾಸ. ಅವಳಿಗೂ ಓದಿದೆ. "ಸುಳ್ಳು ಹೇಳಿದ್ರೆ ತಾನೆ" ಎಂದು ಸಹಿ ಹಾಕಿದಳು.

ಫಾರಂ ಅಣ್ಣ ಸತ್ತ ಮೇಲೆ ಸೇರಿದ್ದು, ಇದರಲ್ಲಿ ಮೋಸವಿದೆ ಎಂದು ಎಡ್ವಿನ್ ದೂರು ಬರೆದ. ಜನವರಿಯ ಕೊನೆಯಲ್ಲಿ, ಬಾಗಿಲು ತೆರೆದರೆ ಹಿಮವೂ ಒಳಗೆ ಬರುವಂಥ ದಿನ, ಅಂಚೆ ಇಲಾಖೆಯ ಫಾರ್ಗೋ ಕಚೇರಿಯಿಂದ ತನಿಖಾಧಿಕಾರಿ ವಾರೆನ್ ಹಾಲ್ವರ್‌ಸನ್ ಬಂದರು. ಮೃದು ಮಾತಿನ ಮನುಷ್ಯ, ಒದ್ದೆ ಷೂ ಒರೆಸಿಕೊಂಡೇ ಒಳಗೆ ಕಾಲಿಟ್ಟರು. ಊಟದ ಹೊತ್ತಿಗೆ ಕೌಂಟರು ಮುಚ್ಚಿ ಹಿಂದಿನ ಮೇಜಿಗೆ ಕರೆದೆ. ನನ್ನ ಊಟದ ಡಬ್ಬಿಯಲ್ಲಿದ್ದ ಆಲೂಗಡ್ಡೆ ಕಡುಬಿನ ಸೂಪು ಬಿಸಿಮಾಡಿ ಅರ್ಧ ಅವರಿಗೂ ಬಗ್ಗಿಸಿದೆ.

"ಹೆಸರು ನೋಡಿದ್ರೆ ನಾರ್ವೆ ಕಡೆಯವರು, ನಮ್ಮ ಜರ್ಮನ್ ಸೂಪು ಸೇರುತ್ತೋ ಇಲ್ವೋ. ನಿಮ್ಮದು ಸುಣ್ಣದ ನೀರಲ್ಲಿ ನೆನೆಸಿದ ಮೀನಲ್ವಾ?"

"ಆ ಮೀನಿಗೆ ಹೆದರಿ ನಮ್ಮಜ್ಜ ಹಡಗು ಹತ್ತಿದ್ದು, ಮಿಸೆಸ್ ರಾಟ್" ಎಂದು ನಗುತ್ತ ಸೂಪು ಕುಡಿದರು. ಕುಡಿದು ಬಾಯೊರೆಸಿಕೊಂಡು ಫಾರಂನ ನಕಲನ್ನು ಮುಂದಿಟ್ಟರು.

"ಸತ್ತಿದ್ದು ಹನ್ನೊಂದು ಇಪ್ಪತ್ತಕ್ಕೆ. ತಟ್ಟೆ ನಿಮ್ಮ ಕೈಗೆ ಬಂದಿದ್ದು ಎರಡಕ್ಕೆ. ಷೆರೀಫರ ಪುಸ್ತಕದಲ್ಲಿದೆ. ಮುದ್ರೆ ಎಎಂ. ಹೇಗೆ?"

"ಅಚ್ಚು ಬದಲಿಸೋದು ಮರೆತೆ."

"ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಮರ್ತಿದ್ದೀರಿ?"

"ಅದೊಂದೇ ಸಲ."

"ಅದೂ ಅದೇ ದಿನ."

"ಅವನು ಸತ್ತಿದ್ದೂ ಅದೊಂದೇ ಸಲ, ಮಿಸ್ಟರ್ ಹಾಲ್ವರ್‌ಸನ್."

ಅವರು ಬ್ಯಾಗಿನಿಂದ ಟೈಪು ಮಾಡಿದ ಒಂದು ಹಾಳೆ ತೆಗೆದರು. ನನ್ನ ಹೇಳಿಕೆ. ನಾನು ಬಾಯಿ ಬಿಡುವ ಮೊದಲೇ ಅದು ಫಾರ್ಗೋದಲ್ಲಿ ತಯಾರಾಗಿತ್ತು. ಒಟಿಲಿಯಾ ಕೆಸೆಲ್ ಕೇಳಿಕೊಂಡಿದ್ದರಿಂದ, ಅವಳಿಗೆ ದುಡ್ಡು ಸಿಗಲಿ ಎಂದು, ನೌಕರ ಸತ್ತದ್ದು ಗೊತ್ತಿದ್ದೂ ನಾನು ಬೆಳಗಿನ ಮುದ್ರೆ ಹೊಡೆದೆ ಎಂದು ಬರೆದಿತ್ತು.

"ನಿಮಗೆ ನಿವೃತ್ತಿಗೆ ಎರಡು ವರ್ಷ ಉಳಿದಿದೆ" ಎಂದರು. ಬೆದರಿಕೆಯ ದನಿಯಿರಲಿಲ್ಲ, ಅಳಿಯನ ಹಾಗೆ ಮಾತಾಡುತ್ತಿದ್ದರು. "ಇದಕ್ಕೆ ಸಹಿ ಹಾಕಿದ್ರೆ ನಿಮ್ಮನ್ನ ಬೇರೆ ಊರಿಗೆ ಹಾಕ್ತಾರೆ, ಅಷ್ಟೇ. ಕೇಸು ಮಿಸೆಸ್ ಕೆಸೆಲ್ ಮೇಲೆ. ಹಾಕದಿದ್ರೆ ಇಬ್ಬರ ಮೇಲೂ. ಐದು ವರ್ಷ ಅಂದ್ರೆ ಏನು ಅಂತ ನಿಮಗೆ ಗೊತ್ತು."

"ಗೊತ್ತು. ದಿನಾ ಓದಿ ಹೇಳ್ತೀನಿ."

"ವಾರ ಟೈಮ್ ತಗೊಳ್ಳಿ. ಬರೋ ಗುರುವಾರ ಬರ್ತೀನಿ." ಎದ್ದು ನಿಂತು ಬಟ್ಟಲನ್ನು ತಾವೇ ತೊಳೆದಿಟ್ಟರು. ಕೆಟ್ಟ ಮನುಷ್ಯನಲ್ಲ. ಬಟ್ಟಲು ತೊಳೆಯುವವನು ಜೈಲಿಗೂ ಕಳಿಸಬಲ್ಲ ಎಂಬುದು ನನಗೆ ಈ ವಯಸ್ಸಿಗೆ ಹೊಸದೇನಲ್ಲ.

ಹಾಳೆ ಮೇಜಿನ ಮೇಲೆ ಉಳಿಯಿತು. ಜೈಲೆಂದರೆ ನನಗೆ ಹೆದರಿಕೆಯಾಗಲಿಲ್ಲ ಎಂದರೆ ಅದು ಸುಳ್ಳು. ಆ ಮಧ್ಯಾಹ್ನ ಗಿರಾಕಿಗಳಿಗೆ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ ಕೊಟ್ಟೆ.

ಸಂಜೆ ಐದಕ್ಕೆ ಕೆಫೆಗೆ ಹೋದೆ. ಸಾಕ್ಷಿ ಹಾಕಿದ್ದ ಗಾಟ್‌ಲೀಬ್ ಎದುರು ಕುರ್ಚಿ ಎಳೆದುಕೊಂಡ. ಊರಿಗೆ ಆಗಲೇ ಎಲ್ಲ ಗೊತ್ತಾಗಿತ್ತು.

"ಇದರಲ್ಲಿ ಯೋಚ್ನೆ ಮಾಡೋದೇನಿದೆ ಆಲ್ವಿನಾ? ಮುದ್ರೆ ಎಎಂ ಅಂತಿದೆ. ಬೆಳಿಗ್ಗೆ ಏಳಕ್ಕೇ ಕೈಗೆ ಕೊಟ್ಟ ಅಂದ್ಬಿಡು. ಅಲ್ಲಿದ್ದೋರು ಇಬ್ಬರೇ, ಒಬ್ಬ ಹೋದ. ಯಾರು ಬಂದು ಅಲ್ಲ ಅಂತಾರೆ?"

"ನಾನೇ ಅಂತೀನಿ."

"ಒಟಿಲಿಯಾಗೆ ದುಡ್ಡು ಸೇರ್ಬೇಕೋ ಬೇಡ್ವೋ?"

"ಸೇರ್ಬೇಕು. ಆದ್ರೆ ಏಳಕ್ಕೆ ಕೊಟ್ಟ ಅಂದ್ರೆ ಆ ಹಾಲ್ವರ್‌ಸನ್ ಹೇಳಿದ್ದೇ ನಿಜ ಆಗುತ್ತಲ್ಲೋ. ಇವಳು ಸುಳ್ಳಿ ಅಂತ ಫಾರ್ಗೋದಲ್ಲೇ ಟೈಪು ಮಾಡ್ಕೊಂಡು ಬಂದಿದ್ದಾನೆ. ಅವನು ಬರ್ಕೊಂಡು ಬಂದಿದ್ದನ್ನ ನಾನು ಇಲ್ಲಿ ನಿಜ ಮಾಡಿ ಕೊಡ್ಲಾ?"

"ಹಟಮಾರಿ."

"ಆ ದಿನ ನನ್ನ ಕೌಂಟರಿಂದ ಯಾರ್ಯಾರು ಮಧ್ಯಾಹ್ನ ಕಾಗದ ಹಾಕಿದ್ರು, ಜ್ಞಾಪಕ ಇದ್ರೆ ಹೇಳು. ಆ ಲಕೋಟೆ ತರಿಸ್ಬೇಕು, ಅವುಗಳ ಮೇಲೂ ಎಎಂ ಇರುತ್ತೆ."

ಅವನು ಕಾಫಿ ಲೋಟ ಕೆಳಗಿಟ್ಟ. "ತರಿಸಿದ್ರೆ ಏನಾಗುತ್ತೆ ಗೊತ್ತಾ? ಮುದ್ರೆ ತಪ್ಪು ಅಂತ ನೀನೇ ಸಾಬೀತು ಮಾಡ್ದಂಗೆ. ಒಟಿಲಿಯಾ ಕೈಲಿರೋದು ಆ ಎಎಂ ಒಂದೇ."

ಅವನು ಹೇಳಿದ್ದು ಸರಿಯಿತ್ತು. ಲಕೋಟೆಗಳು ನನ್ನನ್ನು ಉಳಿಸುತ್ತವೆ, ಅವಳ ಅರ್ಜಿಯನ್ನು ಬೀಳಿಸುತ್ತವೆ. ಅದನ್ನು ಅವಳಿಗೇ ಹೇಳಬೇಕು ಎಂದು ಎದ್ದೆ.

ಒಟಿಲಿಯಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ನಾನು ಎಲ್ಲ ಹೇಳುವವರೆಗೆ ಕೈ ನಿಲ್ಲಿಸಲಿಲ್ಲ.

"ನಾನು ಅರ್ಜಿ ವಾಪಸ್ ತಗೋತೀನಿ ಕಣೆ" ಎಂದಳು. "ನೀನು ಜೈಲಿಗೆ ಹೋಗಿ ಬರೋ ದುಡ್ಡು ನನಗ್ಯಾಕೆ? ಅವನಮ್ಮನ್ನ ನೋಡ್ಕೊಂಡಿದ್ದು ದುಡ್ಡಿಗಲ್ಲ."

"ವಾಪಸ್ ತಗೊಂಡ್ರೆ ಏನಂತಾರೆ? ಹೆದರಿ ತಗೊಂಡ್ಳು, ಕಳ್ಳತನ ಇತ್ತು ಅಂತಾರೆ. ಎಡ್ವಿನ್ ಅದನ್ನೇ ಕಾಯ್ತಿರೋದು."

"ಅನ್ಲಿ. ನನ್ನ ಹತ್ರ ಯಾರು ಏನು ಕಿತ್ಕೊಳ್ತಾರೆ?"

"ರೈನ್‌ಹೋಲ್ಡ್ ಹತ್ರ ಕಿತ್ಕೊಳ್ತಾರೆ. ಅವನು ಬಾಯಿ ಬಿಟ್ಟು ಹೇಳೋನಲ್ಲ. ಹೇಳ್ಬೇಕಾಗಿದ್ದನ್ನ ಒಂದು ಫಾರಂ ತುಂಬಿ ಹೇಳಿದ. ಅದನ್ನ ವಾಪಸ್ ಕಳಿಸ್ತೀಯಾ?"

ಅವಳು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. "ಪೆದ್ದ" ಎಂದಳು. "ಬೆಳಿಗ್ಗೆ ನಿನ್ನ ಕೈಗೆ ಕೊಟ್ಟಿದ್ರೆ ಮುಗೀತಿತ್ತು."

"ಕೊಟ್ಟಿದ್ರೆ ಅವನು ರೈನ್‌ಹೋಲ್ಡ್ ಆಗ್ತಿರ್ಲಿಲ್ಲ. ಈಗ ಹೇಳು, ಲಕೋಟೆ ತರಿಸ್ಲೋ ಬೇಡ್ವೋ? ನಿನ್ನ ಅರ್ಜಿಗೆ ಪೆಟ್ಟು ಬೀಳುತ್ತೆ."

"ನಿಜ ಏನು?"

"ಕಾಗದ ಒಂಬತ್ತೂಕಾಲಕ್ಕೆ ಅವನ ಕೈ ಸೇರ್ತು. ನನ್ನ ಕೈಗೆ ಎರಡಕ್ಕೆ."

"ಮತ್ತೆ ಅದನ್ನೇ ಹೇಳು" ಎಂದಳು. "ನಾನೇನು ಮುದ್ರೆ ನೋಡ್ಕೊಂಡು ಬರೆದಿಲ್ಲವಲ್ಲ, ಅವನು ಬೆಳಿಗ್ಗೆ ಡಬ್ಬಿಗೆ ಹಾಕಿದ್ದಕ್ಕೆ ಬೆಳಿಗ್ಗೆ ಅಂತ ಬರೆದಿದ್ದೀನಿ."

ಗುರುವಾರದೊಳಗೆ ಮೂರು ಲಕೋಟೆ ಸಿಕ್ಕವು. ಗಾಟ್‌ಲೀಬ್ ಬೈದುಕೊಂಡೇ ಮನೆಮನೆಗೆ ಫೋನು ಮಾಡಿದ. ಒಂದು ಪಕ್ಕದೂರಿನ ಬೀಜದಂಗಡಿಯ ಕಡತದಲ್ಲಿತ್ತು, ಒಳಗೆ ಬಂದ ಚೆಕ್ಕಿನ ರಸೀತಿಯಲ್ಲಿ ಅಂಗಡಿಯವನು 'ಮಂಗಳವಾರ ಮಧ್ಯಾಹ್ನ 3ಕ್ಕೆ ಫೋನಿನಲ್ಲಿ ಮಾತಾದಂತೆ' ಎಂದು ಬರೆದಿದ್ದ. ಇನ್ನೆರಡು ರೈನ್‌ಹೋಲ್ಡ್‌ನ ಸಾವಿನ ಸುದ್ದಿ ತಿಳಿಸಲು ಅದೇ ದಿನ ಬರೆದ ಕಾಗದಗಳವು. ಅವನು ಸತ್ತ ಸುದ್ದಿ ಹೊತ್ತ ಕಾಗದದ ಮೇಲೆ, ಅವನು ಬದುಕಿದ್ದ ಹೊತ್ತಿನ ಮುದ್ರೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ಹಾಲ್ವರ್‌ಸನ್ ಮೂರನ್ನೂ ಬೆಳಕಿಗೆ ಹಿಡಿದು ನೋಡಿದರು.

"ಸರಿ" ಎಂದರು. "ಮರೆವು ಅಂತ ಒಪ್ಪಬಹುದು. ಹಾಗಾದ್ರೆ ಇನ್ನೂ ಸುಲಭ. ಫಾರಂ ನೌಕರ ಸತ್ತ ಮೇಲೆ ಬಂತು ಅಂತ ಬರೆದು ಸಹಿ ಹಾಕಿ. ನಿಮ್ಮ ಮೇಲಿನ ಕೇಸು ಮುಗೀತು. ಮಿಸೆಸ್ ಕೆಸೆಲ್ ಬೆಳಿಗ್ಗೆ ಅಂತ ಬರೆದಿದ್ದು ಸುಳ್ಳು ಹೇಳಿಕೆ, ಅದು ಅವರು ನೋಡ್ಕೊಳ್ಲಿ."

"ಹೇಳಿಕೆ ನಾನೇ ಬರೆದಿಟ್ಟಿದ್ದೀನಿ" ಎಂದು ನನ್ನ ಹಾಳೆ ಮುಂದಿಟ್ಟೆ. ಅವರು ಗಟ್ಟಿಯಾಗಿ ಓದಿದರು.

"ಮುದ್ರೆಯ ಎಎಂ ನನ್ನ ತಪ್ಪು. ಲಕೋಟೆ ನನ್ನ ಕೈಗೆ ಬಂದದ್ದು ಮಧ್ಯಾಹ್ನ ಎರಡಕ್ಕೆ. ಆದರೆ ಅಂಚೆ ಇಲಾಖೆಯ ಕೈಗೆ ಬಂದದ್ದು ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಹದಿನಾಲ್ಕನೇ ಡಬ್ಬಿಯಿಂದ. ಅದು ಹದಿಮೂರರ ಮತ್ತು ಹದಿನೇಳರ ನಡುವೆ ಕಟ್ಟಿನಲ್ಲಿತ್ತು, ನಾನೇ ರಬ್ಬರ್ ಬಿಚ್ಚಿದ್ದು. ಒಟಿಲಿಯಾ ಕೆಸೆಲ್ ನನ್ನನ್ನು ಏನೂ ಕೇಳಿಕೊಂಡಿಲ್ಲ. 'ಬೆಳಿಗ್ಗೆ' ಎಂದು ಅವಳಿಗೆ ಹೇಳಿದವಳು ನಾನು." ಓದಿ ನನ್ನ ಮುಖ ನೋಡಿದರು. "ಇಲಾಖೆಯ ಕೈಗೆ ಅಂದ್ರೆ? ಅದು ಓಪ್ ಅವರ ಕೈಯೇ ಅಲ್ವಾ? ಸ್ವಂತ ಕಾಗದ ಸ್ವಂತ ಜೇಬಲ್ಲಿ ಇಟ್ಕೊಂಡ ಹಾಗೆ."

"ಜೇಬಲ್ಲಿ ಇಟ್ಕೊಂಡಿರ್ಲಿಲ್ಲ. ತಟ್ಟೇಲಿತ್ತು. ನಿಮ್ಮದೇ ನಿಯಮ ಪುಸ್ತಕ ತೆಗೀರಿ. ಹಳ್ಳಿದಾರಿ ಟಪಾಲುಗಾರ ಚಕ್ರದ ಮೇಲಿನ ಅಂಚೆ ಕಚೇರಿ ಅಂತ ತರಬೇತೀಲಿ ಹೇಳ್ಕೊಡ್ತೀರಿ. ರೈತನ ಹೆಂಡ್ತಿ ಕಾರಿನ ಕಿಟಕೀಲಿ ಕಾಗದ ಕೊಟ್ರೆ ಅವಳು ಕೌಂಟರಲ್ಲೇ ಕೊಟ್ಟಂಗೆ ಅಂತೀರಿ. ಅವಳಿಗೊಂದು, ಅವನಿಗೊಂದಾ?"

"ಅವರು ನೌಕರರು."

"ಮನೆಯ ಡಬ್ಬಿ ಹತ್ರ ಗಿರಾಕಿ. ಹಾಗಂತ ಮೂವತ್ತೊಂದು ವರ್ಷ ನಡ್ಕೊಂಡ. ಇಡೀ ಊರು ನಗ್ತಿತ್ತು. ಈಗ ನೀವು ಒಬ್ರು ಅದನ್ನ ತಪ್ಪು ಅನ್ನೋದು ಬಾಕಿಯಿತ್ತು."

ಅವರು ಪೆನ್ನಿನ ತುದಿಯಿಂದ ಕೊನೆಯ ಎರಡು ವಾಕ್ಯ ತೋರಿಸಿದರು. "ಇವೆರಡನ್ನ ಹೊಡೆದುಹಾಕಿ. ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ. ನೀವೇ ಹೇಳಿಕೊಟ್ಟಿದ್ದು ಅಂತ ಬರೆದ್ರೆ ಇಬ್ಬರೂ ಒಟ್ಟಿಗೆ ಬೀಳ್ತೀರಿ."

"ಹಾಗಾದ್ರೆ ಒಟ್ಟಿಗೇ ಬೀಳ್ತೀವಿ."

"ಮಿಸೆಸ್ ರಾಟ್, ಅರ್ಜಿ ಕೆಳಗಿನ ಆ ಜೈಲಿನ ಸಾಲು ಬರೀ ಹೆದರಿಸೋದಕ್ಕೆ ಅಂತ ತಿಳ್ಕೋಬೇಡಿ."

"ತಿಳ್ಕೊಂಡಿಲ್ಲ. ಕಳ್ಳರಿಗೆ ಅದು ಇರ್ಬೇಕು. ಸತ್ತೋರ ಸಹಿ ತಾವೇ ಹಾಕೋರನ್ನ ನಾನೂ ನೋಡಿದ್ದೀನಿ, ಅಂಥ ಒಬ್ಬನನ್ನ ಹಿಡಿಸಿದ್ದೀನಿ ಕೂಡ. ಆದ್ರೆ ಆ ಸಾಲು ಸುಳ್ಳು ಹೇಳ್ದೋರಿಗೆ ಅಂತಿದೆ, ನಿಮ್ಮ ಹಾಳೆಗೆ ಸಹಿ ಹಾಕದೋರಿಗೆ ಅಂತಿಲ್ಲ. ನೀವು ತಂದ ಹಾಳೇಲಿರೋದು ಸುಳ್ಳು. ಅದಕ್ಕೆ ಸಹಿ ಹಾಕಿದ್ರೆ ಐದು ವರ್ಷ ನನಗೆ ನ್ಯಾಯವಾಗೇ ಬರ್ಬೇಕು. ಸಾಕ್ಷಿಯಾಗಿ ಕೆಳಗೆ ನೀವೂ ಸಹಿ ಮಾಡ್ತೀರಲ್ಲ, ಆಗ ನಿಮಗೂ."

ಪೆನ್ನು ತೆಗೆದುಕೊಂಡು ನನ್ನ ಹಾಳೆಗೆ ಸಹಿ ಹಾಕಿದೆ. ಹಾಳೆ ತಿರುಗಿಸಿ ಅವರ ಕಡೆಗೆ ತಳ್ಳಿದೆ. ನಿಯಮದ ಪ್ರಕಾರ ಅವರು ಸಾಕ್ಷಿ ಹಾಕಲೇಬೇಕು. ಇನ್ನೊಂದು ಸಲ ಓದಿ, ಹಾಕಿದರು. ತಾವು ಫಾರ್ಗೋದಿಂದ ತಂದಿದ್ದ ಹಾಳೆಯನ್ನು ಮಡಿಸಿ ಬ್ಯಾಗಿಗೆ ತುರುಕಿದರು. ಹೋಗುವಾಗ ಸೂಪಿನ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಎರಡು ಕಾಗದ ಬಂದವು. ನನಗೆ ಬಂದದ್ದರಲ್ಲಿ ಯಾರ ಮೇಲೂ ಮೊಕದ್ದಮೆ ಇಲ್ಲ, ಮುದ್ರೆಯ ಅಜಾಗರೂಕತೆಗೆ ಮೂರು ದಿನ ಸಂಬಳವಿಲ್ಲದೆ ಮನೆಯಲ್ಲಿರಬೇಕು ಎಂದಿತ್ತು. ಒಪ್ಪಿಗೆ ಎಂದು ಸಹಿ ಮಾಡಿ ಕಳಿಸಿದೆ, ಆ ತಪ್ಪು ನನ್ನದೇ. ಒಟಿಲಿಯಾಗೆ ಬಂದದ್ದರಲ್ಲಿ, ಫಾರಂ ಸಕಾಲದಲ್ಲಿ ಕಚೇರಿ ಸೇರಿದ್ದು ಸಾಬೀತಾಗಿಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಿದೆ, ಮೇಲ್ಮನವಿ ಇದ್ದರೆ ಅರವತ್ತು ದಿನದೊಳಗೆ ಸಲ್ಲಿಸಬಹುದು ಎಂದಿತ್ತು. ಸಲ್ಲಿಸುವವರು ಸುಳ್ಳು ಹೇಳಿಕೆಯ ಶಿಕ್ಷೆಯನ್ನು ಗಮನಿಸಬೇಕು ಎಂದು ಅದರ ಕೆಳಗೆ ಬೇರೆ.

ಆ ಮೂರು ದಿನದ ಮೊದಲನೇ ದಿನವೇ ಅವಳು ಕಾಗದ ಹಿಡಿದು ನನ್ನ ಮನೆಗೆ ಬಂದಳು. ಅವಳು ಬಾಗಿಲಲ್ಲಿ ಬೂಟು ಕಳಚುತ್ತಿರುವಾಗಲೇ, "ಬಿಟ್ಬಿಡೋಣ ಅಂತ ಬಂದ್ಯಾ?" ಎಂದು ಕೇಳಿದೆ.

"ಸಾಬೀತಾಗಿಲ್ಲ ಅಂತ ಬರೆದಿದ್ದಾರೆ ನೋಡು. ಸುಳ್ಳು ಅಂತ ಬರೆಯೋಕೆ ಆಗ್ಲಿಲ್ಲ ಅವರಿಗೆ" ಎಂದಳು. ಮೇಜಿನ ಮುಂದೆ ಕೂತು ಕನ್ನಡಕ ಹಾಕಿಕೊಂಡಳು. "ಅರವತ್ತು ದಿನ ಅಂತೆ. ಅಷ್ಟು ದಿನ ಯಾರಿಗೆ ಬೇಕು? ನೀನು ಹೇಗೂ ಮನೇಲಿದ್ದೀಯ. ಪೆನ್ನು ತಗೋ, ನಾನು ಹೇಳ್ತೀನಿ, ನೀನು ಬರಿ. ಮೊದಲು ಆ ಜೈಲಿನ ಸಾಲು ಓದು, ಕೇಳಿಸ್ಕೊಂಡೇ ಶುರುಮಾಡೋಣ."

ನಾನು ಓದಿದೆ.